ಸೀಮೆಬದನೆಯ ಸುಗ್ಗಿ

ಹಿತ್ತಲಲ್ಲಿ ಸೀಮೆಬದನೆ ಬಳ್ಳಿ ಹಾಕಬೇಕೆಂದಿರುವ ಗೃಹಿಣಿಯರಿಗೆ ನನ್ನದೊಂದು ಸವಿನಯ ಎಚ್ಚರಿಕೆ. ಹಾಕಿ, ಬೇಡವೆನ್ನುವುದಿಲ್ಲ. ಆದರೆ ಹಾಕುವ ಮುನ್ನ ನಿಮ್ಮ ನೆಂಟರಿಷ್ಟರು, ನೆರೆಹೊರೆಯವರು, ಜೊತೆಯಲ್ಲಿ ಕೆಲಸ ಮಾಡುವವರು ಎಲ್ಲ ಸೇರಿ ಎಷ್ಟು ಮಂದಿ, ಅವರಲ್ಲಿ ಸೀಮೆಬದನೆ ತಿನ್ನುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿಕೊಂಡು ಆಮೇಲೆ ಹಾಕಿ. ನಾನು ಆ ಲೆಕ್ಕ ಹಾಕಲಿಲ್ಲ. ಇತಿಹಾಸದ ಮೇಡಂಗೆ ಇಸವಿ ಗೊತ್ತು, ಲೆಕ್ಕ ಗೊತ್ತಿಲ್ಲ ಎಂದು ನಮ್ಮ ಶಾಲೆಯ ಗಣಿತದ ಮೇಷ್ಟ್ರು ಹೇಳುವುದು ಸುಳ್ಳಲ್ಲ.

ನಾವಿರುವುದು ಹಾಸನದಲ್ಲಿ. ಹಳೆಯ ಹೆಂಚಿನ ಮನೆ, ಹಿಂದೆ ಒಂದಿಷ್ಟು ಹಿತ್ತಲು. ನಾಲ್ಕು ವರ್ಷದ ಹಿಂದೆ ಮಾರುಕಟ್ಟೆಯಿಂದ ತಂದ ಸೀಮೆಬದನೆಕಾಯಿಗಳಲ್ಲಿ ಒಂದು ಈರುಳ್ಳಿ ಬುಟ್ಟಿಯ ಹಿಂದೆ ಉರುಳಿಕೊಂಡು ಹೋಗಿ ಕಣ್ಣಿಗೆ ಮರೆಯಾಯಿತು. ಮೂರು ವಾರದ ಮೇಲೆ ಸಿಕ್ಕಾಗ ಅದು ಬಾಯಿ ತೆರೆದು, ನಾಲಿಗೆ ಚಾಚಿದ ಹಾಗೆ ಒಂದು ಮೊಳಕೆಯನ್ನು ಹೊರಕ್ಕೆ ಹಾಕಿತ್ತು. ಕಸದ ಬುಟ್ಟಿಗೆ ಹಾಕಹೋದವಳನ್ನು ಅತ್ತೆಯವರು ತಡೆದರು. “ಜೀವ ಬಂದಿರೋದನ್ನ ಎಸೀಬಾರದು ಕಣಮ್ಮ. ಒಗೆಯೋ ಕಲ್ಲಿನ ಹತ್ರ ಹೂತುಬಿಡು, ಬಂದರೆ ಬರಲಿ” ಎಂದರು. ಹೂತೆ. ನಮ್ಮವರು ನಾಲ್ಕು ಬಿದಿರು ನೆಟ್ಟು, ನನ್ನದೇ ಒಂದು ಹಳೆಯ ಸೀರೆಯನ್ನು ಹರಿದು ಹಗ್ಗ ಮಾಡಿ ಚಪ್ಪರ ಕಟ್ಟಿದರು.

ಮೊದಲನೆಯ ವರ್ಷ ಬಳ್ಳಿ ಎಂಟು ಕಾಯಿ ಬಿಟ್ಟಿತು. ಎಂಟನ್ನೂ ಎಂಟು ಮಕ್ಕಳನ್ನು ನೋಡುವ ಹಾಗೆ ನೋಡಿದೆವು. ಎರಡನೆಯ ವರ್ಷ ಮಳೆ ಹಿಂದಾದ ಮೇಲೆ ಬಳ್ಳಿಗೆ ಏನಾಯಿತೋ ತಿಳಿಯದು. ಚಪ್ಪರ ತುಂಬಿತು, ಸೀಬೆಮರವನ್ನು ಹತ್ತಿತು, ಕಾಂಪೌಂಡು ದಾಟಿತು, ಸ್ನಾನದ ಮನೆಯ ಹೆಂಚಿನ ಮೇಲೆ ಹರಡಿತು. ಬೆಳಿಗ್ಗೆ ಎದ್ದು ನೋಡಿದರೆ ಎಲೆಯ ಹಿಂದೆಲ್ಲ ಕಾಯಿ. ಇವತ್ತು ಕೊಯ್ದೆನೆಂದರೆ ನಾಳೆ ಅಲ್ಲೇ ಇನ್ನೊಂದು. ಒಂದು ವಾರ ನಮ್ಮವರು ಕುತೂಹಲಕ್ಕೆ ಎಣಿಸಿದರು: ಅರವತ್ನಾಲ್ಕು. ಆಮೇಲೆ ಎಣಿಸುವುದನ್ನು ಬಿಟ್ಟರು.

ಮನೆಯಲ್ಲಿರುವುದು ಮೂರು ಜನ. ಸೋಮವಾರ ಹುಳಿ, ಮಂಗಳವಾರ ಪಲ್ಯ, ಬುಧವಾರ ಮಜ್ಜಿಗೆಹುಳಿ, ಗುರುವಾರ ಕೂಟು, ಶುಕ್ರವಾರ ತೊವ್ವೆ, ಶನಿವಾರ ಸಿಪ್ಪೆಯನ್ನು ಹುರಿದು ಚಟ್ನಿ. ಹೆಚ್ಚಿ ಹೆಚ್ಚಿ ಅದರ ಸೊನೆ ಅಂಟಿ ಒಣಗಿ, ಬೆರಳುಗಳ ಚರ್ಮ ಪೊರೆಯಂತೆ ಏಳುತ್ತಿತ್ತು. ಭಾನುವಾರ ನಮ್ಮವರು ಕನಿಕರದಿಂದ, “ಇವತ್ತು ಅಡುಗೆ ಬೇಡ ನಡಿ” ಎಂದು ಹೋಟೆಲಿಗೆ ಕರೆದುಕೊಂಡು ಹೋದರು. ಪೂರಿ ಬಂತು. ಜೊತೆಗೆ ಸಾಗು ಬಂತು. ಸಾಗುವಿನೊಳಗೆ ಚೌಕಚೌಕವಾಗಿ, ಎಳೆಹಸಿರಾಗಿ ಏನು ಇತ್ತೆಂದು ನಾನು ಬೇರೆ ಹೇಳಬೇಕಿಲ್ಲ. ಇಬ್ಬರೂ ಮಾತಾಡದೆ ತಿಂದು ಎದ್ದು ಬಂದೆವು. ಬೆಂಗಳೂರಿನಲ್ಲಿರುವ ಮಗನಿಗೆ ಬಸ್ಸಿನಲ್ಲಿ ಎರಡು ಸಲ ಚೀಲ ಕಳಿಸಿದ್ದೆ. ಮೂರನೆಯ ಸಲ, “ಅಮ್ಮ, ಚೀಲ ಕಳಿಸೋದಾದರೆ ಖಾಲಿ ಚೀಲಾನೇ ಕಳಿಸು” ಎಂದ.

ಬಳ್ಳಿಯ ಮೇಲೆ ಸಿಟ್ಟು ಬಂದಾಗ ಅದರ ಕುಲಗೋತ್ರ ಕೆದಕುವುದು ನನ್ನ ಅಭ್ಯಾಸ. ಮೂವತ್ತು ವರ್ಷ ಇತಿಹಾಸ ಹೇಳಿದವಳ ರೋಗ ಎನ್ನಿ. ‘ಸೀಮೆ’ ಎಂದರೆ ನಮ್ಮಲ್ಲಿ ಮೇರೆ, ನಾಡು. ಜೊತೆಗೆ ಪರದೇಶವೂ ಹೌದು. ಹಡಗು ಹತ್ತಿ ಬಂದದ್ದಕ್ಕೆಲ್ಲ ನಮ್ಮ ಹಿರಿಯರು ಆ ಮಾತನ್ನು ಮುಂದೆ ಅಂಟಿಸಿ ಮನೆಯೊಳಕ್ಕೆ ಬಿಟ್ಟುಕೊಂಡರು. ಸೀಮೆಎಣ್ಣೆ, ಸೀಮೆಹಸು, ಸೀಮೆಹುಣಸೆ. ನಾನು ಜೀವಮಾನವೆಲ್ಲ ಕೈಯಲ್ಲಿ ಹಿಡಿದ ಸೀಮೆಸುಣ್ಣ. ಈ ಕಾಯಿಗೂ ಬದನೆಗೂ ಸಂಬಂಧವೇನೂ ಇಲ್ಲ. ಇದು ಸೌತೆ, ಕುಂಬಳಗಳ ಬಳಗದ್ದು. ಹುಟ್ಟಿದ ಊರು ಮೆಕ್ಸಿಕೋ ಮತ್ತು ಅದರ ಆಸುಪಾಸಿನ ಮಧ್ಯ ಅಮೆರಿಕ. ಕೊಲಂಬಸ್ ಹಡಗು ಹತ್ತುವುದಕ್ಕೆ ಬಹಳ ಹಿಂದೆಯೇ ಅಲ್ಲಿಯ ಮೂಲನಿವಾಸಿಗಳ ಹಿತ್ತಲಲ್ಲಿ ಇದು ಹಬ್ಬಿತ್ತು. ಇಂದು ಇದಕ್ಕಿರುವ ‘ಚಯೋಟೆ’ ಎಂಬ ಹೆಸರು ಅವರ ನಾವಾಟ್ಲ್ ಭಾಷೆಯಿಂದಲೇ ಬಂದದ್ದು.

ಅಲ್ಲಿಂದ ಇದು ನಮ್ಮ ಒಗೆಯುವ ಕಲ್ಲಿನವರೆಗೆ ಬಂದ ದಾರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಇದೆ. ಹೈದರಾಲಿ 1760ರಲ್ಲಿ ಹಾಕಿಸಿದ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಅದರ ಮೇಲ್ವಿಚಾರಣೆಗೆ ಬಂದವನು ಜಾನ್ ಕ್ಯಾಮರಾನ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವನು. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ನಾವೆಲ್ಲ ಕತ್ತೆತ್ತಿ ನೋಡುವ ಗಾಜಿನಮನೆಗೆ ಅಡಿಗಲ್ಲು ಬಿದ್ದದ್ದು ಅವನ ಕಾಲದಲ್ಲಿ, 1889ರಲ್ಲಿ. ಪರದೇಶದ ಗಿಡಗಳನ್ನು ತರಿಸಿ, ಇಲ್ಲಿಯ ಮಣ್ಣಿಗೆ ಒಗ್ಗಿಸಿ, ಹಂಚುವುದು ಅವನ ಕಸುಬು. ಸೀಮೆಬದನೆಯನ್ನು ಬೆಂಗಳೂರಿಗೆ ತಂದು ನೆಲೆಗೊಳಿಸಿದ ಕೀರ್ತಿಯನ್ನು ಅವನಿಗೇ ಕೊಡುತ್ತಾರೆ. ಬೆಂಗಳೂರಿನ ತಂಪು ಅದಕ್ಕೆ ಎಷ್ಟು ಹಿಡಿಸಿತೆಂದರೆ ತಮಿಳರು ಇದನ್ನು ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುತ್ತಾರೆ, ತೆಲುಗರು ‘ಬೆಂಗಳೂರು ವಂಕಾಯ’ ಎನ್ನುತ್ತಾರೆ. ನಮಗೆ ಅದು ಸೀಮೆಯದು, ನೆರೆಯವರಿಗೆ ಬೆಂಗಳೂರಿನದು, ಮೆಕ್ಸಿಕೋದವರಿಗೆ ಅವರ ಹಿತ್ತಲಿನದು. ಯಾರೂ ಪೂರಾ ತಮ್ಮದೆನ್ನದ ಈ ಕಾಯಿ ಕೊನೆಗೆ ನನ್ನ ತಲೆಗೆ ಬಂತಲ್ಲ ಎಂದುಕೊಂಡೆ.

ತಿಂದು ಮುಗಿಯದ್ದನ್ನು ಒಣಗಿಸಿ ಇಡೋಣವೆಂದು ಹೊರಟೆ. ಇದರಲ್ಲಿ ನನಗೆ ಗುರು ಅತ್ತೆಯವರು. ಎಂಬತ್ತು ದಾಟಿದ ಜೀವ. ಅವರು ಮದುವೆಯಾಗಿ ಬಂದ ಸಕಲೇಶಪುರದ ಕಡೆಯ ಹಳ್ಳಿಮನೆಯಲ್ಲಿ ಅಟ್ಟದ ತೊಲೆಗೆ ಬಾಳೆನಾರಿನ ಕುಣಿಕೆ ಹಾಕಿ ಸೌತೆಕಾಯಿಗಳನ್ನು ಸಾಲಾಗಿ ತೂಗುಬಿಡುತ್ತಿದ್ದರಂತೆ; ಒಂದಕ್ಕೊಂದು ತಾಗದಿದ್ದರೆ ಮಳೆಗಾಲ ಪೂರ್ತಿ ಕೆಡುವುದಿಲ್ಲ. ಬೂದುಗುಂಬಳ ಸಂಡಿಗೆಗೆ, ಹಲಸಿನ ತೊಳೆ ಉಪ್ಪುನೀರಿನ ಭರಣಿಗೆ, ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆದು ಬಾಳಕಕ್ಕೆ, ಮಾವಿನ ಮಿಡಿ ಉಪ್ಪಿನಕಾಯಿಗೆ. ಏಪ್ರಿಲ್ ತಿಂಗಳ ಬಿಸಿಲನ್ನು ಜುಲೈ ತಿಂಗಳ ಊಟಕ್ಕೆ ಎತ್ತಿಡುವ ವಿದ್ಯೆ ಅದು. ನಾನು ಇಪ್ಪತ್ತು ಸೀಮೆಬದನೆ ಬಿಲ್ಲೆ ಹೆಚ್ಚಿ, ಉಪ್ಪು ಸವರಿ, ಚಾಪೆಯ ಮೇಲೆ ಮೂರು ದಿನ ಒಣಗಿಸಿದೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಭಾಗ ನೀರೇ ಇರುವ ಕಾಯಿ ಅದು. ಉಳಿದದ್ದು ಒಂದು ಹಿಡಿ ತರಗು. ಕರಿದರೆ ಎಣ್ಣೆ ಕುಡಿಯಿತು, ಅಗಿದರೆ ಹಲ್ಲಿಗೆ ಅಂಟಿತು. ಅತ್ತೆಯವರು ಒಂದು ಚೂರು ಬಾಯಿಗೆ ಹಾಕಿಕೊಂಡು, “ಇದು ಇಡೋ ಕಾಯಿ ಅಲ್ಲ, ಕೊಡೋ ಕಾಯಿ” ಎಂದು ತೀರ್ಪು ಕೊಟ್ಟರು.

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬರಗಾಲಕ್ಕೆ ಪುಟಗಳಿವೆ, ಸುಗ್ಗಿಯ ಮಾರನೆಯ ದಿನಕ್ಕೆ ಸಾಲುಗಳಿಲ್ಲ. ಹೆಚ್ಚಾದದ್ದನ್ನು ಕೆಡದಂತೆ ಕಾಯುವುದು ಹೆಂಗಸರ ಕೆಲಸವಾಗಿದ್ದರಿಂದ ಅದು ಚರಿತ್ರೆ ಅನ್ನಿಸಿಕೊಳ್ಳಲಿಲ್ಲವೋ ಏನೋ. ಹನ್ನೊಂದನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಂತರ್ಜಲ, ಗಿಡಮರ, ವೈದ್ಯಗಳ ಜೊತೆಗೆ ಅಡುಗೆಯ ವಿಷಯವನ್ನೂ ಬರೆದ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ಬರೆದು ಬದನೆಯ ಅಡುಗೆಗಳಿಗೆ ಧಾರಾಳವಾಗಿ ಜಾಗ ಕೊಟ್ಟ. ಇಬ್ಬರೂ ಗಂಡಸರು. ಅವರಿಗೆ ಒಗ್ಗರಣೆ ಹಾಕಿ ತೋರಿಸಿದ ತಾಯಂದಿರ ಹೆಸರು ಎಲ್ಲೂ ಇಲ್ಲ. ಫ್ರಾನ್ಸಿನ ಸರ್ಕಾರ ಯುದ್ಧದ ಕಾಲದಲ್ಲಿ ಆಹಾರ ಕೆಡದಂತೆ ಇಡುವ ಉಪಾಯಕ್ಕಾಗಿ ಹುಡುಕಿತು. ನಿಕೊಲಾ ಅಪೇರ್ ಎಂಬ ಮಿಠಾಯಿಯವನು ಗಾಜಿನ ಶೀಸೆಯಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿ ಇಟ್ಟು ತೆಗೆದು, 1810ರಲ್ಲಿ 12,000 ಫ್ರಾಂಕ್ ಇನಾಮು ಪಡೆದ. ನಮ್ಮ ಅತ್ತೆಯವರ ಭರಣಿಗೆ ಯಾರೂ ನಾಲ್ಕಾಣೆ ಕೊಡಲಿಲ್ಲ.

ಹೆಂಗಸರ ಈ ಕೆಲಸ ಲೆಕ್ಕಕ್ಕೆ ಸಿಕ್ಕ ಒಂದು ಸಂದರ್ಭ ನನಗೆ ಗೊತ್ತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಗಳ ಹಿತ್ತಲು, ತೋಪುಗಳಲ್ಲಿ ಹಣ್ಣು ಉದುರಿ ಕೊಳೆಯುವ ಹಾಗಾದಾಗ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಹೆಂಗಸರ ಸಂಘಗಳು ಸೊಂಟ ಕಟ್ಟಿ ನಿಂತವು. ಸಕ್ಕರೆಗೆ ಪಡಿತರವಿದ್ದ ಕಾಲ. ಸರ್ಕಾರ ಅವರಿಗೆಂದು ಸಕ್ಕರೆ ಬಿಡುಗಡೆ ಮಾಡಿತು. ಸಭಾಂಗಣಗಳಲ್ಲಿ, ಮನೆಯ ಅಡುಗೆಮನೆಗಳಲ್ಲಿ ಒಲೆ ಹೂಡಿ ಜಾಮ್ ಕಾಯಿಸಿದರು, ಶೀಸೆ ತುಂಬಿದರು. 1940ರಿಂದ 1945ರವರೆಗೆ ಅವರು ಹೀಗೆ ಕೆಡದಂತೆ ಉಳಿಸಿದ ಹಣ್ಣು 5,300 ಟನ್ನಿಗೂ ಹೆಚ್ಚು. ಕಾಯಿಸಿದ ಜಾಮನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ. ಅದು ಪಡಿತರಕ್ಕೆ ಸೇರಿ ಎಲ್ಲರ ಜೊತೆ ತಮ್ಮ ಪಾಲಿಗೂ ಬರಬೇಕು. ಇದನ್ನು ಓದಿದಾಗ ಜಾಮಿಗಿಂತ ಆ ಕಟ್ಟುಪಾಡೇ ನನಗೆ ಸಿಹಿಯೆನಿಸಿತ್ತು. ಅದು ಏಕೆ ಸಿಹಿ ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ.

ಇಡುವ ಕಾಯಿ ಅಲ್ಲವೆಂದು ಗೊತ್ತಾದ ಮೇಲೆ ಕೊಡುವ ಕೆಲಸಕ್ಕೆ ಇಳಿದೆ. ಮೊದಲ ವಾರ ಅಕ್ಕಪಕ್ಕದವರು, “ಅಯ್ಯೋ, ಮನೇದೇ! ಔಷಧಿ ಹೊಡೀದೇ ಇರೋದು!” ಎಂದು ಕಣ್ಣರಳಿಸಿ ತೆಗೆದುಕೊಂಡರು. ಎರಡನೆಯ ವಾರ ಚೀಲ ಹಿಂತಿರುಗಿಸಲು ಬಂದವರು ಬಾಗಿಲಲ್ಲೇ ನಿಂತು, “ಹೋದ ವಾರದ್ದೇ ಇದೆ ರೀ” ಎಂದರು. ಮೂರನೆಯ ವಾರ ನಾನು ಚೀಲ ಹಿಡಿದು ಗೇಟು ದಾಟಿದ ಸದ್ದಿಗೆ ಎದುರುಮನೆಯ ಟಿವಿ ಆರಿತು, ದೀಪವೂ ಆರಿತು.

ಆಗ ಶಾಲೆಯ ಬಿಸಿಯೂಟದ ನೆನಪಾಯಿತು. ಬಿಸಿಯೂಟಕ್ಕೂ ಒಂದು ಚರಿತ್ರೆ ಇದೆ. ಈ ಶತಮಾನದ ಆರಂಭದಲ್ಲಿ ಆಹಾರ ನಿಗಮದ ಗೋದಾಮುಗಳಲ್ಲಿ ಗೋಧಿ, ಅಕ್ಕಿ ಇಡಲು ಜಾಗವಿಲ್ಲದೆ ಹೊರಗೆ ಟಾರ್ಪಾಲು ಹೊದಿಸಿ ಇಟ್ಟಿದ್ದರು. ಅದೇ ಹೊತ್ತಿನಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಜನ ಬರಕ್ಕೆ ಸಿಕ್ಕಿ ಹಸಿದಿದ್ದರು. 2001ರಲ್ಲಿ ಇದು ಸುಪ್ರೀಂ ಕೋರ್ಟಿನ ಮುಂದೆ ಬಂತು. ಆ ವರ್ಷದ ನವೆಂಬರ್ 28ರಂದು ಕೋರ್ಟು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. ನಮ್ಮಲ್ಲಿ 2002–03ರಲ್ಲಿ ‘ಅಕ್ಷರ ದಾಸೋಹ’ವೆಂದು ಅದು ಆರಂಭವಾಯಿತು, ಮುಂದೆ ಪ್ರೌಢಶಾಲೆಗಳಿಗೂ ಬಂತು. ತುಂಬಿದ ಗೋದಾಮಿಗೂ ಬರಿದಾದ ತಟ್ಟೆಗೂ ನಡುವೆ ಒಂದು ದಾರಿ ಬೇಕೆಂದು ಕೋರ್ಟು ಹೇಳಬೇಕಾಯಿತು.

ನಾನು ದಾರಿಯ ಯೋಚನೆಯನ್ನೇನೂ ಮಾಡಿರಲಿಲ್ಲ. ನನಗೆ ಬೇಕಿದ್ದದ್ದು ಚೀಲ ಇಳಿಸುವ ಜಾಗ. ಎರಡು ಚೀಲ ಸೀಮೆಬದನೆ ಬಿಸಿಯೂಟದ ಸಾಂಬಾರಿಗೆ ಹೋಯಿತು. ಮೊದಲ ದಿನ ಮಕ್ಕಳು ಸುಮ್ಮನೆ ತಿಂದರು. ಎರಡನೆಯ ದಿನ ತಟ್ಟೆಯ ಅಂಚಿನಲ್ಲಿ ಹೋಳುಗಳು ಕೋಟೆಯ ಗೋಡೆಯಂತೆ ಸಾಲುಗಟ್ಟಿ ನಿಂತವು. ನಾಲ್ಕನೆಯ ದಿನ ಅಡುಗೆಯವರು, “ಮೇಡಂ, ತಪ್ಪು ತಿಳ್ಕೋಬೇಡಿ, ನಾಳೆಯಿಂದ ನುಗ್ಗೇಸೊಪ್ಪಿದ್ರೆ ತನ್ನಿ” ಎಂದರು.

ಉಳಿದವಳು ಒಬ್ಬಳೇ, ನಮ್ಮ ಮನೆಯ ಪಾತ್ರೆ ತೊಳೆದು ಗುಡಿಸಿ ಹೋಗುವಾಕೆ. ಹನ್ನೊಂದು ವರ್ಷದಿಂದ ಬರುತ್ತಿದ್ದಾಳೆ. ದಿನವೂ ಹೋಗುವಾಗ ಅವಳ ಚೀಲಕ್ಕೆ ಆರೋ ಎಂಟೋ ಕಾಯಿ ಹಾಕುತ್ತಿದ್ದೆ. ಅವಳು ಬೇಡವೆನ್ನುತ್ತಿರಲಿಲ್ಲ. ಕೊಡುವಾಗ ನನ್ನ ಮುಖದಲ್ಲಿ ಒಂದು ಔದಾರ್ಯದ ನಗೆ ಇರುತ್ತಿತ್ತು. ನಾನೇ ನೋಡಿಕೊಂಡವಳಲ್ಲ, ಇದ್ದಿರಲೇಬೇಕು. ಒಂದು ದಿನ ಒಂದೇ ಸಲ ಇಪ್ಪತ್ತು ಕಾಯಿ ತುಂಬಹೊರಟೆ. ಅವಳು ತಲೆ ಎತ್ತದೆ, ತಪ್ಪಲೆಯ ತಳ ಉಜ್ಜುತ್ತಲೇ ಹೇಳಿದಳು:

“ಸಾಕು ಬುಡಿ ಅಮ್ಮಾವ್ರೆ. ಸುಳ್ಳು ಯಾಕೇಳ್ಲಿ, ನೀವು ಕೊಟ್ಟಿದ್ನ ನಾನು ಪಕ್ಕದ ಮನೆ ಎಮ್ಮೆಗೆ ಹಾಕ್ತಾ ಇವ್ನಿ.”

ನಾನು ನಕ್ಕೆ. “ಮೊದಲೇ ಹೇಳಬಾರದಿತ್ತೇನೇ? ಬೇಡ ಅಂದರೆ ಬೇಡ.”

“ಹೇಳೋದೇನು. ಬ್ಯಾಡಾದಾಗ ಚೀಲ್‌ಗಟ್ಲೆ ಕೊಡ್ತೀರಿ. ಬ್ಯಾಸ್ಗೇಲಿ ನನ್ ಮಗಳು ಬಸ್ರಿ ಬಂದಿದ್ಲಲ್ಲ, ಬಾಯಿಗೆ ಏನೂ ರುಚಿಸ್ತಿಲ್ಲ, ಮಜ್ಜಿಗೆಹುಳಿ ಬೇಕು ಅಂದ್ಲು ಅಂತ ಎರಡು ಕಾಯಿ ಕೇಳಿದ್ದೆ. ‘ಇನ್ನೂ ಎಳೇದು, ಬಲೀಲಿ’ ಅಂದ್ರಿ. ಮಾರನೇ ದಿನ ಮುಸುರೆ ಬಕೀಟಲ್ಲಿ ಸಿಪ್ಪೆ ಬಿದ್ದಿತ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪಲೆ ತೊಳೆದು, ಕವುಚಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೋದಳು.

ನನಗೆ ನೆನಪಿತ್ತು. ಏಪ್ರಿಲ್ ತಿಂಗಳು, ಬಳ್ಳಿಯಲ್ಲಿ ಐದೇ ಕಾಯಿ, ಮಾರುಕಟ್ಟೆಯಲ್ಲಿ ತರಕಾರಿ ಮುಟ್ಟುವ ಹಾಗಿರಲಿಲ್ಲ. ಮರುದಿನ ನಮ್ಮವರ ಅಕ್ಕ ಬರುವವರಿದ್ದರು. ಕಾಯಿ ಎಳೆಯದೇನೂ ಆಗಿರಲಿಲ್ಲ. ನಾದಿನಿಯ ಮುಂದೆ ಹಿತ್ತಲ ಕಾಯಿಯ ಮಜ್ಜಿಗೆಹುಳಿ ಬಡಿಸಬೇಕೆಂಬ ಆಸೆ ನನ್ನದು. ಸಿಪ್ಪೆ ಹೊರಗೆ ಹಾಕುವುದು ಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ ಶಾಲೆಯಲ್ಲಿ ಬ್ರಿಟಿಷ್ ಆಳ್ವಿಕೆಯ ಕಾಲದ ಕ್ಷಾಮಗಳ ಪಾಠ. ನನಗೆ ಬಾಯಿಪಾಠವಾದ ವಿಷಯ. 1876ರಲ್ಲಿ ಮಳೆ ಹೋಯಿತು. ಧಾತು ಸಂವತ್ಸರ ಕಳೆದು ಈಶ್ವರ ಸಂವತ್ಸರ ಬಂದರೂ ಬರ ಹೋಗಲಿಲ್ಲ. ನಮ್ಮ ಹಳಬರು ಅದನ್ನು ಧಾತು-ಈಶ್ವರದ ಬರವೆಂದೇ ಕರೆಯುತ್ತಿದ್ದರು. ಅತ್ತೆಯವರ ಅಜ್ಜಿ ತಟ್ಟೆಯಲ್ಲಿ ಅಗುಳು ಬಿಟ್ಟ ಮಕ್ಕಳಿಗೆ, “ಧಾತು-ಈಶ್ವರ ನೋಡಿದ್ದರೆ ಗೊತ್ತಾಗ್ತಿತ್ತು” ಎಂದು ಗದರುತ್ತಿದ್ದರಂತೆ. ಅವರೂ ನೋಡಿದವರಲ್ಲ, ಅವರ ತಾಯಿ ನೋಡಿದವರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷದ ಒಳಗಿತ್ತು. ಲಾಲ್‌ಬಾಗಿಗೆ ಕ್ಯಾಮರಾನ್ ಬಂದು ಆಗಿನ್ನೂ ಎರಡು ವರ್ಷವಾಗಿತ್ತು.

ಇಷ್ಟು ಹೇಳಿ, ಪ್ರತಿ ವರ್ಷ ಹೇಳುವ ಮುಂದಿನ ವಾಕ್ಯಕ್ಕೆ ಬಂದೆ: “ಮಕ್ಕಳೇ, ಆಗ ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ಜನ ಸಾಯುತ್ತಿದ್ದ ಅದೇ ವರ್ಷಗಳಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿಯ ಹಡಗುಗಳು ಹೋಗುತ್ತಲೇ ಇದ್ದವು. ಇದ್ದವರ ಹತ್ತಿರ ಇತ್ತು. ಬೇಕಾದವರಿಗೆ, ಬೇಕಾದ ಹೊತ್ತಿಗೆ ಸಿಗಲಿಲ್ಲ.”

ವಾಕ್ಯ ಮುಗಿಸಲು ನನಗೆ ಕಷ್ಟವಾಯಿತು. ಮುಸುರೆ ಬಕೆಟ್ಟಿನ ಸಿಪ್ಪೆ ಕಣ್ಣಮುಂದೆ ಬಂತು. ಲಕ್ಷಗಟ್ಟಲೆ ಜನ ಸತ್ತ ಕ್ಷಾಮಕ್ಕೂ ಎರಡು ಸೀಮೆಬದನೆಗೂ ಹೋಲಿಕೆ ಏನು ಎಂದು ನೀವು ಕೇಳಬಹುದು. ಹೋಲಿಕೆ ಇಲ್ಲ, ನಿಜ. ಒಂದು ಸರ್ಕಾರ ಮಾಡಿದ ಅನ್ಯಾಯ, ಇನ್ನೊಂದು ಒಬ್ಬ ಗೃಹಿಣಿಯ ಸಣ್ಣತನ. ಆದರೆ ಬರುವ ಹಾದಿ ಒಂದೇ ಎಂದು ಅನ್ನಿಸಿತು. ಉಳ್ಳವರು ತಮ್ಮ ಅನುಕೂಲ ನೋಡಿ ಕೈ ಬಿಚ್ಚುತ್ತಾರೆ, ಎದುರಿನವರ ಅಗತ್ಯ ನೋಡಿ ಅಲ್ಲ. ಮೂವತ್ತು ವರ್ಷ ಲಾರ್ಡ್ ಲಿಟ್ಟನ್ನನನ್ನು ಸೀಮೆಸುಣ್ಣ ಹಿಡಿದು ಬೈದವಳು ನಾನು. ಇಂಗ್ಲೆಂಡಿನ ಹೆಂಗಸರ ಜಾಮಿನ ಕಟ್ಟುಪಾಡು ನನಗೇಕೆ ಸಿಹಿಯೆನಿಸಿತ್ತೆಂದು ಅಂದು ತಿಳಿಯಿತು. ಅಲ್ಲಿ ಹೆಚ್ಚಾದದ್ದು, ಮಾಡಿದವಳಿಗೆ ಸಾಕೆನಿಸುವವರೆಗೆ ಕಾಯದೆ, ಮೊದಲ ಶೀಸೆಯಿಂದಲೇ ಎಲ್ಲರದಾಗಿತ್ತು.

ಮನೆಗೆ ಬಂದು ಅತ್ತೆಯವರಿಗೆ ಎಲ್ಲ ಹೇಳಿಕೊಂಡೆ. ಸಮಾಧಾನ ಹೇಳಿಯಾರು ಎಂದುಕೊಂಡಿದ್ದೆ. ಅವರು ಹೇಳಲಿಲ್ಲ. “ಅವಳು ಹೇಳಿದ್ದು ಸರಿ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಊರಲ್ಲಿ ಮೊದಲ ಫಲ ಮನೆಯೊಳಕ್ಕೆ ಬರ್ತಿರಲಿಲ್ಲ. ದೇವರಿಗೆ ಒಂದು, ಕೆಲಸದವರ ಮನೆಗೆ ಒಂದು, ಆಮೇಲೆ ನಮಗೆ. ಕೊನೇದ್ದನ್ನ ಯಾರು ಬೇಕಾದರೂ ಕೊಡ್ತಾರೆ” ಎಂದು ಸೇರಿಸಿದರು.

ಇದು ಕೊಡೋ ಕಾಯಿ ಎಂದು ಅವರು ಹೇಳಿದ್ದರಲ್ಲ, ಅದರಲ್ಲಿ ಇನ್ನೊಂದು ಅರ್ಥವೂ ಇದೆಯೆಂದು ಆಮೇಲೆ ತಿಳಿಯಿತು. ಹೀರೆಯ ಬೀಜ, ಅವರೆಯ ಬೀಜವನ್ನು ಬೂದಿ ಸವರಿ ಡಬ್ಬಿಯಲ್ಲಿ ಹಾಕಿ ಮುಂದಿನ ವರ್ಷಕ್ಕೆ ಇಡಬಹುದು. ಸೀಮೆಬದನೆಯೊಳಗೆ ಇರುವುದು ಒಂದೇ ಬೀಜ. ಅದು ಕಾಯಿಯೊಳಗಿದ್ದುಕೊಂಡೇ, ಅದರ ತಿರುಳನ್ನೇ ಉಂಡು ಮೊಳೆಯುತ್ತದೆ. ಬಿಡಿಸಿ ಒಣಗಿಸಿದರೆ ಬೀಜ ಸತ್ತಿತು. ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೆ ಇಡೀ ಕಾಯಿಯೇ, ಜೀವವಿರುವಾಗಲೇ ಹೋಗಬೇಕು. ಮೆಕ್ಸಿಕೋದಿಂದ ಹಾಸನದವರೆಗೆ ಅದು ಬಂದದ್ದೂ ಹಾಗೆಯೇ. ನಡುವೆ ಯಾರೋ ಒಬ್ಬರು ಮರೆತು ಬುಟ್ಟಿಯಲ್ಲೇ ಬಿಟ್ಟಿದ್ದರೆ ಅಲ್ಲಿಗೆ ಆ ಸಾಲು ನಿಲ್ಲುತ್ತಿತ್ತು.

ನಾನು ಕೆಲಸದಾಕೆಯ ಹತ್ತಿರ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು. ಮೇಷ್ಟ್ರುಗಳಿಗೆ ತಪ್ಪು ತಿದ್ದುವುದು ರೂಢಿ, ಒಪ್ಪುವುದು ರೂಢಿಯಿಲ್ಲ. ಬುಟ್ಟಿಯಲ್ಲಿ ಚೆನ್ನಾಗಿ ಬಲಿತು ಮೊಳಕೆ ಬಂದಿದ್ದ ಎರಡು ಕಾಯಿ ಆರಿಸಿ, “ಇದು ಎಮ್ಮೆಗಲ್ಲ, ನಿನ್ನ ಮನೆ ಮುಂದೆ ಹಾಕು” ಎಂದು ಕೊಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿ, “ನೀರು ಎಲ್ಲಿಂದ ತರಾನ” ಎನ್ನುತ್ತ ಚೀಲಕ್ಕೆ ಹಾಕಿಕೊಂಡಳು. ಮುಂದಿನ ಬೇಸಿಗೆಯಲ್ಲಿ ನಮ್ಮ ಬಳ್ಳಿ ಮೊದಲು ಬಿಟ್ಟ ಮೂರು ಕಾಯಿಗಳಲ್ಲಿ ಎರಡು ಅವಳ ಚೀಲಕ್ಕೆ ಹೋದವು. ಅವಳು ಏನೂ ಅನ್ನಲಿಲ್ಲ; ಮಗಳ ಕೂಸು ಮಗ್ಗುಲಾಗುತ್ತಿದೆ ಎಂದಷ್ಟೇ ಹೇಳಿದಳು.

ಇದಾದ ಮೇಲೆ ಬಂದ ಸುಗ್ಗಿಯ ಸಂಗತಿ ಹೇಳಿ ಮುಗಿಸುತ್ತೇನೆ. ಮಳೆ ನಿಂತಿತ್ತು. ನಮ್ಮ ಚಪ್ಪರ ಎಂದಿನಂತೆ ಬಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಎರಡು ಬುಟ್ಟಿ ತುಂಬಿ, ಮೂರನೆಯದಕ್ಕೆ ನಾನು ಜಾಗ ಹುಡುಕುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಅವಳು ಬಂದಳು, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದನ್ನು ನನ್ನ ಮುಂದೆ ಇಟ್ಟು ಹೇಳಿದಳು:

“ತಗಳಿ ಅಮ್ಮಾವ್ರೆ. ನಮ್ಮನೇದು. ಮೊದ್ಲು ಬಿಟ್ಟಿದ್ದು.”

ಆರು ಸೀಮೆಬದನೆಕಾಯಿ. ಸ್ವಲ್ಪ ಸಣ್ಣವು, ಮುಳ್ಳುಮುಳ್ಳಾಗಿದ್ದವು, ತಗಡಿನ ಸೂರಿನ ಬಿಸಿಲಿಗೆ ಒಂದು ಪಕ್ಕ ಹಳದಿ ತಿರುಗಿದ್ದವು. ನಮ್ಮವರು ಪೇಪರಿನ ಹಿಂದಿನಿಂದ ಒಮ್ಮೆ ನನ್ನ ಮುಖ ನೋಡಿ, ಒಮ್ಮೆ ಮೂಲೆಯ ಬುಟ್ಟಿಗಳನ್ನು ನೋಡಿ, ಮತ್ತೆ ಪೇಪರಿನೊಳಗೆ ಹೋದರು. “ನಮ್ಮಲ್ಲೇ ಬೇಕಾದಷ್ಟಿದೆ ಕಣೇ” ಎಂಬ ಮಾತು ನನ್ನ ಗಂಟಲಿನವರೆಗೆ ಬಂದು ನಿಂತಿತು.

ಎರಡೂ ಕೈಯಲ್ಲಿ ಚೀಲ ತೆಗೆದುಕೊಂಡೆ. ಅವಳು ಸೀರೆ ಎತ್ತಿ ಕಟ್ಟಿ ಪಾತ್ರೆಗೆ ಕೂತಳು. ಅಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಅವಳ ಬಳ್ಳಿಯ ಕಾಯಿಯದೇ ಮಜ್ಜಿಗೆಹುಳಿ. ನಮ್ಮವು ಬುಟ್ಟಿಯಲ್ಲೇ ಉಳಿದು, ಒಂದೊಂದಾಗಿ ಬಾಯಿ ತೆರೆಯತೊಡಗಿದವು.